ಬೆಳವಣಿಗೆಯೂ ಬಾಳ್ವೆಯೂ

ಮನುಷ್ಯನು ಯಾವುದನ್ನೇ ಕಂಡರೂ ಮೊದಲು ಕೇಳುವ ಪ್ರಶ್ನೆ, ಅದು ಬೆಳೆದಿದೆಯೆ ಎಂಬುದು. ಮಗುವಿನ ವಿಷಯದಲ್ಲಿ ಈ ಪ್ರಶ್ನೆ ಸಹಜವಾದುದು. ಪೈರಿನ ವಿಷಯದಲ್ಲಿ ಅದು ಅನ್ನದ ಪ್ರಶ್ನೆ. ಆದರೆ ಅದೇ ಅಳತೆಗೋಲನ್ನು ಹಿಡಿದು ಆತನು ಊರುಗಳನ್ನೂ ವ್ಯಾಪಾರಗಳನ್ನೂ ಜನಾಂಗಗಳನ್ನೂ ಅಳೆಯತೊಡಗಿದಾಗ, ಬಾಳ್ವೆಯ ಒಂದು ಲಕ್ಷಣವಾಗಿದ್ದ ಬೆಳವಣಿಗೆಯು ಬಾಳ್ವೆಯ ಬೆಲೆಯೇ ಆಗಿಬಿಡುತ್ತದೆ. ಬೇಗ ಬೆಳೆದುದು ಮೇಲು, ತಡವಾಗಿ ಬೆಳೆದುದು ಕೀಳು, ಬೆಳೆಯದೆ ನಿಂತುದು ಸತ್ತುದಕ್ಕೆ ಸಮ. ಈ ತೀರ್ಪು ಬಾಯಿಗೆ ಬರದಿದ್ದರೂ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಇದಕ್ಕೆ ಪ್ರಕೃತಿಯ ಸಾಕ್ಷ್ಯವನ್ನು ತರುವುದೂ ಉಂಟು: ಜೀವರಾಶಿಯಲ್ಲಿ ಬಲವುಳ್ಳದ್ದು ಹಬ್ಬುತ್ತದೆ, ಬಲವಿಲ್ಲದ್ದು ಮೂಲೆಗೆ ಸರಿಯುತ್ತದೆ, ಆದಕಾರಣ ಹಬ್ಬುವುದೇ ನ್ಯಾಯವೆಂದು.

ಈ ಸಾಕ್ಷ್ಯವು ಎಷ್ಟು ಗಟ್ಟಿಯಾದುದು? ಪ್ರಕೃತಿಯ ಹೆಸರು ಹೇಳಿದ ಮಾತ್ರಕ್ಕೆ ಅದನ್ನು ಒಪ್ಪಬೇಕಾದುದಿಲ್ಲ. ಸಾಕ್ಷಿಯನ್ನು ಒಮ್ಮೆ ಕರೆಯಿಸಿ ವಿಚಾರಿಸುವುದು ಒಳ್ಳೆಯದು. ಹಾಗೆ ವಿಚಾರಿಸುವುದಕ್ಕೆ ತಕ್ಕ ಪ್ರಾಣಿಯೊಂದು ದಕ್ಷಿಣ ಧ್ರುವದ ಸಮುದ್ರದಲ್ಲಿ, ಹಿಮದ ಕೆಳಗೆ, ಬಂಡೆಗೆ ಅಂಟಿಕೊಂಡು ಕುಳಿತಿದೆ.

ಆ ಪ್ರಾಣಿಯ ವರ್ಗಕ್ಕೆ ಶಾಸ್ತ್ರಜ್ಞರು ಇಟ್ಟಿರುವ ಹೆಸರು ಬ್ರೇಕಿಯೊಪಾಡ್. ಇಂಗ್ಲಿಷರ ಬಳಕೆಯ ಮಾತಿನಲ್ಲಿ ಅದು ದೀಪದ ಚಿಪ್ಪು. ಪ್ರಾಚೀನ ರೋಮನರ ಎಣ್ಣೆಯ ದೀಪವನ್ನು ಹೋಲುವುದರಿಂದ ಬಂದ ಹೆಸರದು. ಕನ್ನಡದಲ್ಲಿ ಹಣತೆಚಿಪ್ಪೆಂದು ಕರೆದರೆ ತಪ್ಪಾಗಲಾರದು. ನೋಟಕ್ಕೆ ಅದು ಕಪ್ಪೆಚಿಪ್ಪಿನ ಒಡಹುಟ್ಟಿನಂತೆ ಕಾಣುವುದಾದರೂ ಎರಡಕ್ಕೂ ಸಂಬಂಧ ಬಹಳ ದೂರ. ಕಪ್ಪೆಚಿಪ್ಪಿನ ಎರಡು ಹೋಳುಗಳು ಒಡಲಿನ ಎಡಬಲಗಳನ್ನು ಮುಚ್ಚುತ್ತವೆ; ಹಣತೆಚಿಪ್ಪಿನವು ಬೆನ್ನನ್ನೂ ಹೊಟ್ಟೆಯನ್ನೂ ಮುಚ್ಚುತ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಹಿಂಭಾಗದಿಂದ ಒಂದು ತೊಟ್ಟು ಹೊರಟು, ಪ್ರಾಣಿಯನ್ನು ಬಂಡೆಗೆ ಕಟ್ಟಿಹಾಕಿರುತ್ತದೆ. ಚಿಪ್ಪಿನೊಳಗೆ ಸೂಕ್ಷ್ಮವಾದ ಎಳೆಗಳ ಒಂದು ಕುಚ್ಚು ಇದೆ. ಅದು ನೀರನ್ನು ಮೆಲ್ಲನೆ ಒಳಕ್ಕೆ ಎಳೆದು, ಅದರಲ್ಲಿ ತೇಲುವ ಆಹಾರದ ಕಣಗಳನ್ನು ಸೋಸಿಕೊಳ್ಳುತ್ತದೆ. ಅಟ್ಟಿ ಹಿಡಿಯುವುದನ್ನಾಗಲಿ ಓಡಿ ತಪ್ಪಿಸಿಕೊಳ್ಳುವುದನ್ನಾಗಲಿ ಈ ಪ್ರಾಣಿ ಅರಿಯದು. ಅಪಾಯ ಬಂದರೆ ಬಾಗಿಲು ಮುಚ್ಚಿಕೊಳ್ಳುವುದೊಂದೇ ಅದಕ್ಕೆ ತಿಳಿದ ಉಪಾಯ.

ಇಂದು ಬದುಕಿರುವ ಹಣತೆಚಿಪ್ಪುಗಳ ಜಾತಿಗಳು ಸುಮಾರು ೪೦೦. ಕಲ್ಲಿನಲ್ಲಿ ಅಚ್ಚೊತ್ತಿ ಉಳಿದಿರುವ ಹಿಂದಿನ ಜಾತಿಗಳಾದರೋ ೧೨,೦೦೦ಕ್ಕೂ ಹೆಚ್ಚು. ೫೦ ಕೋಟಿ ವರ್ಷಗಳಿಗೂ ಹಿಂದೆ ಈ ವಂಶವು ಕಡಲಿನಲ್ಲಿ ಕಾಣಿಸಿಕೊಂಡಿತು. ಕೋಟ್ಯಂತರ ವರ್ಷಗಳ ಕಾಲ ಆಳವಿಲ್ಲದ ಬೆಚ್ಚನೆಯ ಸಮುದ್ರಗಳ ತಳವನ್ನೆಲ್ಲ ತುಂಬಿ ಮೆರೆಯಿತು. ಸುಮಾರು ೨೫ ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕೊನೆಯಲ್ಲಿ, ಭೂಮಿಯ ಜೀವರಾಶಿಗೆ ಮಹಾವಿಪತ್ತೊಂದು ಒದಗಿತು. ಅದರಲ್ಲಿ ಈ ವಂಶದ ಬಹುಭಾಗವು ನಾಶವಾಯಿತು. ಉಳಿದವು ಹಿಂದಿನ ಐಶ್ವರ್ಯಕ್ಕೆ ಮರಳಿ ಏರಲಿಲ್ಲ.

ಅಳಿದುಳಿದ ಈ ಸಂತತಿಯ ನೆಲೆಗಳು ಎಲ್ಲಿವೆಯೆಂಬುದನ್ನು ತಿಳಿದರೆ ಮುಂದಿನ ವಿಚಾರಕ್ಕೆ ಸಹಾಯವಾಗುತ್ತದೆ. ಹಣತೆಚಿಪ್ಪುಗಳು ಇಂದಿಗೂ ಎಲ್ಲ ಸಾಗರಗಳಲ್ಲಿವೆ. ಆದರೆ ಅವುಗಳಲ್ಲಿ ಅನೇಕವು ಕಂಡುಬರುವುದು ಬಿಸಿಲು ಬೀಳದ ಬಂಡೆಗಳ ಸಂದಿಗಳಲ್ಲಿ, ಕಡಲ ಗವಿಗಳಲ್ಲಿ, ಕಡಿದಾದ ಕೊಲ್ಲಿಗಳ ಗೋಡೆಗಳಲ್ಲಿ, ಆಳವಾದ ಇಳಿಜಾರುಗಳಲ್ಲಿ ಮತ್ತು ಧ್ರುವಗಳ ತಣ್ಣೀರಿನಲ್ಲಿ. ೧೮೭೨ರಿಂದ ೧೮೭೬ರವರೆಗೆ ಲೋಕದ ಸಾಗರಗಳನ್ನು ಶೋಧಿಸಿದ ‘ಚಾಲೆಂಜರ್’ ಹಡಗು ಆಳದ ತಳದಿಂದ ಎತ್ತಿ ತಂದ ಹಣತೆಚಿಪ್ಪುಗಳನ್ನು ಥಾಮಸ್ ಡೇವಿಡ್‌ಸನ್ ಎಂಬ ಸ್ಕಾಟ್ಲೆಂಡಿನ ವಿದ್ವಾಂಸನು ಪರಿಶೀಲಿಸಿ ೧೮೮೦ರಲ್ಲಿ ವರದಿಯನ್ನು ಪ್ರಕಟಿಸಿದನು. ಅತ್ಯಂತ ಆಳದಲ್ಲಿ ವಾಸಿಸುವ ‘ಪೆಲಗೊಡಿಸ್ಕಸ್ ಅಟ್ಲಾಂಟಿಕಸ್’ ಎಂಬುದು ೫,೦೦೦ ಮೀಟರಿಗೂ ಕೆಳಗೆ, ಹಲವು ಸಾಗರಗಳಲ್ಲಿ ಸಿಕ್ಕಿದೆ. ಅದು ಉಗುರಿನಷ್ಟು ಚಿಕ್ಕದು. ಮಹಾ ಆಳದ ನೀರಿನಲ್ಲಿ ಸುಣ್ಣದ ಚಿಪ್ಪು ಕರಗಿಹೋಗುವುದು ಸುಲಭ. ಇದರ ಚಿಪ್ಪಿನಲ್ಲಿರುವುದು ಸುಣ್ಣದ ಕಾರ್ಬೊನೇಟ್ ಆಗಿರದೆ ಫಾಸ್ಫೇಟ್ ಆಗಿದೆ. ಉತ್ತರದ ತಣ್ಣೀರಿನಲ್ಲಿ ಗಿಳಿಯ ಕೊಕ್ಕಿನಂತಹ ಚಿಪ್ಪಿನ ‘ಹೆಮಿಥೈರಿಸ್ ಸಿಟ್ಟಾಸಿಯ’ ಇದೆ. ದಕ್ಷಿಣ ಧ್ರುವಖಂಡವನ್ನು ಸುತ್ತಿದ ವೆಡೆಲ್ ಸಮುದ್ರದಲ್ಲಿ, ನೂರಾರು ಮೀಟರುಗಳ ಆಳದಲ್ಲಿ, ‘ಮ್ಯಾಗೆಲೇನಿಯ ಫ್ರಾಜಿಲಿಸ್’ ಎಂಬುದು ಕೆಲವೆಡೆ ತಳದ ಜೀವಿಗಳಲ್ಲೆಲ್ಲ ಪ್ರಧಾನವಾಗಿರುವಷ್ಟು ದಟ್ಟವಾಗಿದೆ. ಇವೆಲ್ಲಕ್ಕಿಂತ ಹೆಚ್ಚಾಗಿ ಪರೀಕ್ಷಿಸಲ್ಪಟ್ಟಿರುವುದು ‘ಲಯೊಥೈರೆಲ್ಲ ಊವ’ ಎಂಬ ಜಾತಿ. ಊವ ಎಂದರೆ ಲ್ಯಾಟಿನ್ ಭಾಷೆಯಲ್ಲಿ ದ್ರಾಕ್ಷಿ. ಒಂದರ ಮೇಲೊಂದು ಅಂಟಿಕೊಂಡು ಬಂಡೆಯ ಗೋಡೆಗಳಿಂದ ಗೊಂಚಲು ಗೊಂಚಲಾಗಿ ತೂಗುವ ಈ ಪ್ರಾಣಿಗೆ ಅದು ಒಪ್ಪುವ ಹೆಸರೇ ಸರಿ. ತೇಲಿಬರುವ ಹಿಮಗಡ್ಡೆಗಳು ಸಮತಲವಾದ ತಳವನ್ನು ಉಜ್ಜಿ ಬರಿದುಮಾಡುವ ಆ ಪ್ರದೇಶದಲ್ಲಿ ಕಡಿದಾದ ಗೋಡೆಯೇ ಕ್ಷೇಮದ ಸ್ಥಳ.

ಈ ನೆಲೆಗಳಲ್ಲಿ ಬೆಳವಣಿಗೆಯ ಪರಿಯೆಂತಹುದು? ದಕ್ಷಿಣ ಆರ್ಕ್ನಿ ದ್ವೀಪಗಳಲ್ಲೊಂದಾದ ಸಿಗ್ನಿ ಎಂಬಲ್ಲಿ ಬ್ರಿಟಿಷ್ ವಿಜ್ಞಾನಿಗಳು ಲಯೊಥೈರೆಲ್ಲವನ್ನು ಕುರಿತು ದೀರ್ಘಕಾಲ ಅಳತೆಗಳನ್ನು ತೆಗೆದರು. ಅಲ್ಲಿಯ ನೀರು ವರ್ಷದ ಬಹುಭಾಗ ಸೊನ್ನೆ ಡಿಗ್ರಿಗಿಂತ ಕೆಳಗಿದ್ದು, ಉಪ್ಪಿನ ಬಲದಿಂದ ಮಾತ್ರ ಹೆಪ್ಪುಗಟ್ಟದೆ ಇರುತ್ತದೆ. ಬೇಸಗೆಯಲ್ಲಿಯೂ ಸೊನ್ನೆಯ ಆಸುಪಾಸಿನಿಂದ ಬಹಳ ಮೇಲೇರದು. ಬೇಸಗೆಯ ಕೆಲವೇ ವಾರಗಳಲ್ಲಿ ಬೆಳಕು ಬಿದ್ದು ಸೂಕ್ಷ್ಮಸಸ್ಯಗಳು ಕಡಲೆಲ್ಲ ಹರಡಿ ಆಹಾರವು ಹೇರಳವಾಗುತ್ತದೆ. ಉಳಿದ ಕಾಲವೆಲ್ಲ ಕತ್ತಲೆ ಮತ್ತು ಕ್ಷಾಮ. ಇಲ್ಲಿ ಹಣತೆಚಿಪ್ಪು ತನ್ನ ಮರಿಗಳನ್ನು ಚಿಪ್ಪಿನೊಳಗೇ ಇಟ್ಟುಕೊಂಡು ಸಲಹುತ್ತದೆ. ಆ ಮರಿಯು ನೆಲೆ ಹುಡುಕಿಕೊಂಡು ಬಂಡೆ ಹಿಡಿಯುವಷ್ಟಾಗಲು ನೂರು ದಿನಗಳಿಗೂ ಮೇಲೆ ಬೇಕು. ಅನಂತರದ ಬೆಳವಣಿಗೆಯಂತೂ ಕಣ್ಣಿಗೆ ಕಾಣದಷ್ಟು ಮೆಲ್ಲಗೆ. ಪೂರ್ತಿ ಬೆಳೆದ ಪ್ರಾಣಿಯ ಉದ್ದವು ಐದು ಸೆಂಟಿಮೀಟರಿನ ಸುಮಾರು, ಎಂದರೆ ಕೈಬೆರಳಿಗಿಂತ ಗಿಡ್ಡ. ಅಷ್ಟಕ್ಕೆ ಅರ್ಧ ಶತಮಾನವು ಹಿಡಿಯುತ್ತದೆ.

ಇಲ್ಲಿ ಇನ್ನೊಂದು ವಿಚಿತ್ರವುಂಟು. ಆಹಾರವು ತುಂಬಿರುವ ಬೇಸಗೆಯಲ್ಲಿ ಚಿಪ್ಪು ಬೆಳೆಯುತ್ತದೆ, ಚಳಿಗಾಲದಲ್ಲಿ ನಿಲ್ಲುತ್ತದೆ ಎಂದು ಯಾರಾದರೂ ಊಹಿಸುವರು. ಅಳತೆಗಳು ಇದಕ್ಕೆ ವಿರುದ್ಧವಾಗಿ ಬಂದವು. ಚಿಪ್ಪಿನ ಉದ್ದವು ಹೆಚ್ಚಾಗಿ ಬೆಳೆಯುವುದು ಚಳಿಗಾಲದಲ್ಲಿ, ಕಡಲು ಬರಿದಾಗಿರುವಾಗ. ಮೈದುಂಬುವ ಕಾಲ ಒಂದು, ಮನೆಯನ್ನು ಹಿಗ್ಗಿಸುವ ಕಾಲ ಮತ್ತೊಂದು. ಹೊರಗಿನಿಂದ ನೋಡುವವನಿಗೆ ಸಮೃದ್ಧಿಯಂತೆ ಕಾಣುವುದಕ್ಕೂ ಒಳಗೆ ನಡೆಯುವ ಬೆಳವಣಿಗೆಗೂ ಯಾವಾಗಲೂ ಹೊಂದಿಕೆಯಿರಬೇಕಾಗಿಲ್ಲವೆಂಬುದು ಇದರಿಂದ ತೋರುತ್ತದೆ.

ಈಗ ವಾದವನ್ನು ತೆಗೆದುಕೊಳ್ಳೋಣವಾಗಲಿ. ಬೆಳವಣಿಗೆಯನ್ನೇ ಬೆಲೆಯೆಂದು ತಿಳಿಯುವವರ ಮಾತು ಇಷ್ಟು: ಹಣತೆಚಿಪ್ಪು ಸೋತ ವಂಶ. ಚುರುಕಾದ ಕಪ್ಪೆಚಿಪ್ಪು ಬಂದು ಅದನ್ನು ಒಳ್ಳೆಯ ನೆಲೆಗಳಿಂದ ಹೊರದೂಡಿತು. ಸೋತದ್ದು ಯಾರಿಗೂ ಬೇಡವಾದ ಶೀತಲ ಮೂಲೆಗಳಿಗೆ ಓಡಿಹೋಗಿ ಕುಳಿತಿದೆ. ಬಹುಕಾಲ ಶಾಸ್ತ್ರಜ್ಞರಲ್ಲಿಯೂ ಅನೇಕರು ಹೀಗೆಯೇ ಹೇಳುತ್ತಿದ್ದರು. ೧೯೮೦ರಲ್ಲಿ ಅಮೆರಿಕದ ಸ್ಟೀಫನ್ ಜೇ ಗೂಲ್ಡ್ ಮತ್ತು ಬ್ರ್ಯಾಡ್‌ಫರ್ಡ್ ಕ್ಯಾಲವೇ ಎಂಬವರು ಕಲ್ಲಿನಲ್ಲಿರುವ ಲೆಕ್ಕವನ್ನು ಮತ್ತೆ ಕೂಡಿಸಿ ನೋಡಿದರು. ಒಂದು ವಂಶವು ಹೆಚ್ಚಿದಂತೆಲ್ಲ ಮತ್ತೊಂದು ಕುಗ್ಗಿತೆಂಬುದಕ್ಕೆ ಅವರಿಗೆ ಆಧಾರವು ದೊರೆಯಲಿಲ್ಲ. ಇರುಳಿನಲ್ಲಿ ಒಂದರ ಪಕ್ಕದಲ್ಲೊಂದು ಹಾದುಹೋಗುವ ಹಡಗುಗಳಂತೆ ಎರಡೂ ತಮ್ಮ ತಮ್ಮ ದಾರಿಯಲ್ಲಿ ಸಾಗಿದವು, ಪರ್ಮಿಯನ್ ಯುಗಾಂತ್ಯದ ವಿಪತ್ತು ಒಂದಕ್ಕೆ ಹೆಚ್ಚಾಗಿ ತಗುಲಿತು, ಎಂದು ಅವರು ತೀರ್ಮಾನಿಸಿದರು. ೨೦೨೩ರಲ್ಲಿ ಹೊಸ ಗಣಿತದ ಸಹಾಯದಿಂದ ನಡೆದ ಪರಿಶೀಲನೆಯೂ ಕಪ್ಪೆಚಿಪ್ಪೇ ಹಣತೆಚಿಪ್ಪಿನ ಅವನತಿಗೆ ಕಾರಣವೆಂಬ ಮಾತನ್ನು ಒಪ್ಪಲಿಲ್ಲ. ಹಾಗಾದರೆ ಗೆಲುವು ಸೋಲುಗಳ ಕಥೆಯು ಕಲ್ಲಿನಲ್ಲಿ ಬರೆದುದಲ್ಲ. ಓದಿದವರು ತಮ್ಮ ಪೇಟೆಯ ಅನುಭವವನ್ನು ಕಡಲಿಗೆ ಕೊಂಡೊಯ್ದು ಓದಿಕೊಂಡದ್ದು. ಮನೆ ಸುಟ್ಟುಹೋದ ಒಬ್ಬನನ್ನು ನೆರೆಯವನು ಪಂದ್ಯದಲ್ಲಿ ಸೋಲಿಸಿದನೆಂದು ಹೇಳಿದಂತಾಯಿತು.

ಇದನ್ನು ಕೇಳಿ ಇನ್ನೊಂದು ಪಕ್ಷದವರು ಹಿಗ್ಗಬಹುದು. ಅವರ ಮಾತು ಹೀಗೆ: ನೋಡಿರಿ, ಅಲ್ಪದಲ್ಲಿ ತೃಪ್ತಿ ಎಂದರೆ ಇದು. ಹಣತೆಚಿಪ್ಪು ಕಡಲಿನ ತಪಸ್ವಿ. ಸ್ವಲ್ಪ ಉಸಿರು, ಸ್ವಲ್ಪ ಆಹಾರ, ಯಾರೊಡನೆಯೂ ಜಗಳವಿಲ್ಲ. ಆದುದರಿಂದಲೇ ಐವತ್ತು ಕೋಟಿ ವರ್ಷ ಬಾಳಿತು. ಮನುಷ್ಯನೂ ಹಾಗೆಯೇ ಇರತಕ್ಕದ್ದು.

ಈ ಮಾತು ಕಿವಿಗೆ ಇಂಪಾದರೂ ಹಿಂದಿನದರಷ್ಟೇ ಸಡಿಲವಾದುದು. ತಪಸ್ಸೆಂಬುದು ಬೇಕೆಂದರೆ ಪಡೆಯಬಹುದಾದುದನ್ನು ಬಿಡುವುದು. ಹಣತೆಚಿಪ್ಪು ಯಾವುದನ್ನೂ ಬಿಡಲಿಲ್ಲ. ಅದಕ್ಕೆ ಆಯ್ಕೆಯೇ ಇರಲಿಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯು ಉದ್ದವಾಗಿ ಕಾಲು ಚಾಚಬಲ್ಲವನಿಗೆ ಹೇಳಿದ ಬುದ್ಧಿ. ಈ ಪ್ರಾಣಿಗೆ ಕಾಲೂ ಹಾಸಿಗೆಯೂ ಒಂದೇ ಅಳತೆಗೆ ಬಂದಿವೆ. ಅದಲ್ಲದೆ ಅದರ ಬಂಧುಗಳಲ್ಲೊಂದಾದ ‘ಮ್ಯಾಗೆಲೇನಿಯ ವೆನೋಸ’ ಎಂಬುದು ಚಿಲಿ ದೇಶದ ಕೊಲ್ಲಿಗಳಲ್ಲಿ, ಅಷ್ಟು ತಣ್ಣಗಿಲ್ಲದ ಮತ್ತು ಆಹಾರವು ತುಂಬಿದ ನೀರಿನಲ್ಲಿ, ವೇಗವಾಗಿ ಬೆಳೆದು ಈಗಿನ ಹಣತೆಚಿಪ್ಪುಗಳಲ್ಲೆಲ್ಲ ದೊಡ್ಡದಾಗಿ ನಿಂತಿದೆ. ವೆಡೆಲ್ ಸಮುದ್ರದ ಫ್ರಾಜಿಲಿಸ್ ಸಾಧುವೂ ಚಿಲಿಯ ವೆನೋಸ ಲೋಭಿಯೂ ಆದವೆ? ಒಂದೇ ಕುಲದ ಎರಡು ಜಾತಿಗಳು ಎರಡು ನೀರುಗಳಲ್ಲಿ ಎರಡು ಬಗೆಯಾಗಿ ಬೆಳೆದಿವೆ, ಅಷ್ಟೆ. ಸ್ಪರ್ಧೆಯನ್ನು ಹೊಗಳುವವನಿಗೂ ಸಂತೋಷವನ್ನು ಹೊಗಳುವವನಿಗೂ ಪ್ರಕೃತಿಯು ಪ್ರಮಾಣಪತ್ರವನ್ನು ಬರೆದುಕೊಡುವುದಿಲ್ಲ.

ಹಾಗಾದರೆ ಈ ಸಾಕ್ಷಿಯಿಂದ ತಿಳಿದುದೇನೂ ಇಲ್ಲವೆ? ಒಂದು ಸಂಗತಿಯುಂಟು. ಪ್ರತಿಯೊಂದು ಜೀವಕ್ಕೂ ಅದರದೇ ಆದ ಕಾಲದ ಅಳತೆಯಿದೆ. ತಣ್ಣೀರಿನ ಹಣತೆಚಿಪ್ಪಿನ ಐವತ್ತು ವರ್ಷಗಳು ವ್ಯರ್ಥವಾದ ವಿಳಂಬವಲ್ಲ. ಅದು ಆ ಬಾಳಿನ ನಡಿಗೆ. ಶೀತದಲ್ಲಿ ಒಡಲಿನ ಕ್ರಿಯೆಗಳೆಲ್ಲ ನಿಧಾನ. ಸುಣ್ಣವನ್ನು ನೀರಿನಿಂದ ಬೇರ್ಪಡಿಸಿ ಚಿಪ್ಪಾಗಿ ಕಟ್ಟುವುದು ಅಲ್ಲಿ ಬೆಚ್ಚನೆಯ ನೀರಿನಲ್ಲಿರುವುದಕ್ಕಿಂತ ಕಷ್ಟ. ಆಹಾರವು ವರ್ಷಕ್ಕೊಮ್ಮೆ ಬರುವ ಅತಿಥಿ. ಇಂತಹ ಕಡೆ ಬೇಗ ಬೆಳೆಯಬೇಕೆಂಬ ಒಡಲು ಮೊದಲನೆಯ ಚಳಿಗಾಲದಲ್ಲಿಯೇ ದಿವಾಳಿಯಾದೀತು. ಬೆಳವಣಿಗೆಯ ವೇಗವನ್ನು ಅದು ನಡೆಯುವ ನೆಲೆಯಿಂದ ಬೇರ್ಪಡಿಸಿ ನಿರ್ಣಯ ಮಾಡುವುದು, ಭತ್ತವನ್ನು ಹೊಗಳುವುದಕ್ಕಾಗಿ ತೆಂಗನ್ನು ತೆಗಳಿದಂತೆ.

ಇಷ್ಟೇ ಆಗಿದ್ದರೆ ಇದು ತಿಳಿವಳಿಕೆಯ ಮಾತಾಗಿ ಮುಗಿಯುತ್ತಿತ್ತು. ಧರ್ಮದ ಪ್ರಶ್ನೆ ಹುಟ್ಟುವುದು, ಒಂದು ವೇಗದ ಬಾಳು ಇನ್ನೊಂದು ವೇಗದ ಬಾಳನ್ನು ಮುಟ್ಟಿದಾಗ. ಮುಟ್ಟಿದೆಯೆಂಬುದಕ್ಕೆ ಚಿಪ್ಪಿನೊಳಗೇ ಗುರುತಿದೆ. ಮರದ ಕಾಂಡದಲ್ಲಿರುವಂತೆ ಹಣತೆಚಿಪ್ಪಿನ ಮೇಲೂ ಗೆರೆಗಳಿರುತ್ತವೆ. ಒಂದು ಗೆರೆಗೆ ಒಂದು ವರ್ಷವೆಂದು ಎಣಿಸಬಹುದೆ ಎಂಬ ಸಂಶಯವಿತ್ತು. ಅದನ್ನು ಪರಿಹರಿಸಲು ಲಾಯ್ಡ್ ಪೆಕ್ ಮತ್ತು ಥಾಮಸ್ ಬ್ರೈ ಎಂಬ ವಿಜ್ಞಾನಿಗಳು ಹಿಡಿದ ಉಪಾಯವು ಯೋಚನೆಗೆ ಈಡುಮಾಡುವಂತಹುದು. ೧೯೫೦ರಿಂದ ಮುಂದೆ, ೧೯೬೩ರ ನಿಷೇಧದ ಒಪ್ಪಂದವಾಗುವವರೆಗೆ, ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಗಾಳಿಯಲ್ಲಿ ವಿಕಿರಣಶೀಲವಾದ ಇಂಗಾಲವು ಹೆಚ್ಚಿತು. ಗಾಳಿಯಿಂದ ಅದು ಕಡಲಿಗೆ ಇಳಿಯಿತು. ಕಡಲಿನಿಂದ, ಕಟ್ಟಲ್ಪಡುತ್ತಿದ್ದ ಚಿಪ್ಪಿಗೆ ಸೇರಿತು. ಆ ಗುರುತನ್ನು ಹಿಡಿದು ಅವರು ೧೯೯೬ರಲ್ಲಿ, ಗೆರೆಗಳು ವರ್ಷಕ್ಕೊಂದರಂತೆ ಬೀಳುವವಲ್ಲವೆಂದೂ ಹಿರಿಯ ಚಿಪ್ಪುಗಳ ವಯಸ್ಸು ಐವತ್ತನ್ನು ಮೀರಿದೆಯೆಂದೂ ತೋರಿಸಿದರು.

ಇದರ ಅರ್ಥವನ್ನು ಗಮನಿಸಬೇಕು. ಯಾರ ಜಗಳಕ್ಕೂ ಹೋಗದ ಪ್ರಾಣಿಯೊಂದು, ಜನವಸತಿಯೇ ಇಲ್ಲದ ಖಂಡದ ಅಂಚಿನಲ್ಲಿ, ಹಿಮದ ಕೆಳಗೆ ತನ್ನ ಮನೆಯನ್ನು ಕಟ್ಟಿಕೊಳ್ಳುತ್ತಿದ್ದಾಗ, ಸಾವಿರಾರು ಮೈಲಿಗಳಾಚೆಯ ಮನುಷ್ಯರ ದ್ವೇಷವು ಅದರ ಗೋಡೆಯೊಳಕ್ಕೆ ಬಂದು ಸೇರಿತು. ಆ ಕಣದಿಂದ ಚಿಪ್ಪಿಗೆ ಹಾನಿಯಾಯಿತೆಂದು ಯಾರೂ ಹೇಳಿಲ್ಲ. ಸತ್ಯವನ್ನು ತಿಳಿಯುವುದಕ್ಕೆ ಅದರಿಂದ ಸಹಾಯವೇ ಆಯಿತು. ಆದರೂ ‘ಇದು ನನಗೆ ಸಂಬಂಧಿಸದ ಮೂಲೆ’ ಎಂದು ಹೇಳುವ ಹಕ್ಕು ಮನುಷ್ಯನಿಗೆ ಇನ್ನಿಲ್ಲವೆಂಬುದನ್ನು ಆ ಗುರುತು ಸ್ಥಾಪಿಸುತ್ತದೆ. ದೂರವೆಂಬ ನೆಪವು ಅಲ್ಲಿಗೆ ಮುಗಿಯಿತು.

ಮುಟ್ಟುವ ಕೈ ಯಾವಾಗಲೂ ಇಷ್ಟು ಹಗುರವಾಗಿರುವುದಿಲ್ಲ. ದಕ್ಷಿಣ ಜಾರ್ಜಿಯ ದ್ವೀಪದ ಸುತ್ತ, ೧೯೬೯-೭೦ರ ಒಂದೇ ಋತುವಿನಲ್ಲಿ, ನೊಟೊಥೀನಿಯ ರಾಸಿಯೈ ಎಂಬ ತಣ್ಣೀರಿನ ಮೀನನ್ನು ಸುಮಾರು ೪ ಲಕ್ಷ ಟನ್ನುಗಳಷ್ಟು ಬಲೆಹಾಕಿ ಎಳೆದರು. ಎರಡು ಮೂರು ವರ್ಷಗಳಲ್ಲಿ ಆ ಮೀನುಗಾರಿಕೆಯೇ ಕುಸಿದುಬಿತ್ತು. ದಶಕಗಳು ಕಳೆದರೂ ಆ ಮೀನು ಮೊದಲಿನ ಸಂಖ್ಯೆಗೆ ಮರಳಲಿಲ್ಲ. ಬಲೆ ಎಳೆದವರು ತಮ್ಮ ಲೆಕ್ಕವನ್ನು ಬೆಚ್ಚನೆಯ ಕಡಲಿನ ಕಾಲಮಾನದಲ್ಲಿ ಹಾಕಿದ್ದರು. ಮೀನು ಬೆಳೆಯುತ್ತಿದ್ದುದು ತಣ್ಣೀರಿನ ಕಾಲಮಾನದಲ್ಲಿ. ಕಡಲ ತಳವನ್ನು ಉಜ್ಜಿಕೊಂಡು ಹೋಗುವ ಬಲೆಯು ಎಲ್ಲಿ ಹಾಯುವುದೋ ಅಲ್ಲಿ ಅಂಟಿ ಬಾಳುವ ಜೀವಿಗಳಿಗೂ ಉಳಿಗಾಲವಿಲ್ಲ. ಕಡಲು ಕಾಯುವುದರ ಭಯವೂ ಇದೆ. ಶತಮಾನಗಳಿಂದ ಬಹುಮಟ್ಟಿಗೆ ಒಂದೇ ಉಷ್ಣತೆಯಲ್ಲಿ ಬಾಳಿದ ಲಯೊಥೈರೆಲ್ಲದಂತಹ ಪ್ರಾಣಿಗಳನ್ನು ಪ್ರಯೋಗಶಾಲೆಯಲ್ಲಿ ಕೆಲವೇ ಡಿಗ್ರಿಗಳಷ್ಟು ಹೆಚ್ಚು ಬೆಚ್ಚಗಿನ ನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಅವು ತಾಳಲಾರವು.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂದು ಗಾದೆ. ಹಣತೆಯ ಹೆಸರಿನ ಈ ಚಿಪ್ಪಿಗೆ ಅದು ಅಕ್ಷರಶಃ ಒಪ್ಪುತ್ತದೆ. ಗಾದೆಯಲ್ಲಿ ಅಡಗಿರುವ ನೀತಿಯೂ ಸ್ಪಷ್ಟವಾದುದು: ತಪ್ಪಿನ ತೂಕವನ್ನು ಹೊಡೆಯುವುದಕ್ಕೆ ಹಿಡಿದ ಕಾಲದಿಂದ ಅಳೆಯಲಾಗದು, ಕಟ್ಟುವುದಕ್ಕೆ ಹಿಡಿಯುವ ಕಾಲದಿಂದ ಅಳೆಯಬೇಕು.

ಇದಕ್ಕೆ ಪ್ರಬಲವಾದ ಆಕ್ಷೇಪವೊಂದುಂಟು. ಲೋಕದಲ್ಲಿ ಹಸಿದ ಮನುಷ್ಯರು ಕೋಟಿಗಟ್ಟಲೆಯಿರುವಾಗ, ತಿನ್ನುವುದಕ್ಕೂ ಉಪಯೋಗವಿಲ್ಲದ, ನೋಡುವುದಕ್ಕೂ ಸಿಕ್ಕದ ಚಿಪ್ಪಿನ ಚಿಂತೆ ಯಾರಿಗೆ? ಮನುಷ್ಯನ ಅನ್ನಕ್ಕೂ ಹಣತೆಚಿಪ್ಪಿನ ಗೊಂಚಲಿಗೂ ನೇರವಾಗಿ ವಿರೋಧ ಬಂದರೆ ಯಾವುದನ್ನು ಆರಿಸಬೇಕು?

ಹಸಿದವನ ಅನ್ನವೇ ಮೊದಲೆಂಬುದರಲ್ಲಿ ಸಂದೇಹವಿಲ್ಲ. ಹಾಗೆ ಹೇಳಲು ಹಿಂಜರಿಯುವ ಕರುಣೆಯು ಕರುಣೆಯಲ್ಲ. ಆದರೆ ದಕ್ಷಿಣ ಜಾರ್ಜಿಯದ ಬಲೆಗಳನ್ನು ಎಳೆದುದು ಹಸಿವಿನ ಒತ್ತಾಯವೆ, ಅವಸರದ ಒತ್ತಾಯವೆ? ಅದೇ ಮೀನನ್ನು ಅದರ ಬೆಳವಣಿಗೆಯ ಗತಿಯನ್ನು ಅರಿತು ಹಿಡಿದಿದ್ದರೆ ಇಂದಿಗೂ ಅದರಿಂದ ಅನ್ನವಿರುತ್ತಿತ್ತು. ಅಲ್ಲಿ ಮೀನಿಗೂ ಅನ್ಯಾಯವಾಯಿತು, ಮುಂದೆ ಹಸಿಯುವವನಿಗೂ ಅನ್ಯಾಯವಾಯಿತು. ಅನ್ನದ ಹೆಸರಿನಲ್ಲಿ ಅವಸರವು ತನ್ನ ಕೆಲಸವನ್ನು ಮಾಡಿಕೊಳ್ಳುವುದನ್ನು ಗುರುತಿಸುವುದೇ ವಿವೇಕ. ಇನ್ನು, ಉಪಯೋಗವಿಲ್ಲದ್ದಕ್ಕೆ ಬೆಲೆಯಿಲ್ಲವೆಂಬ ಮಾತನ್ನು ಒಪ್ಪಿದರೆ ಅದು ಚಿಪ್ಪಿನಲ್ಲಿಯೇ ನಿಲ್ಲುವುದೆಂದು ನಂಬಬೇಕಾಗಿಲ್ಲ. ಮನೆಯಲ್ಲಿ ಮುಪ್ಪಿನವರು, ಪಾಠದಲ್ಲಿ ಹಿಂದೆ ಬೀಳುವ ಮಗು, ಮೆಲ್ಲನೆ ಗುಣವಾಗುವ ರೋಗಿ, ಇವರನ್ನೂ ಆ ಅಳತೆಗೋಲು ಒಂದು ದಿನ ಮುಟ್ಟೀತು. ಇವರ ವಿಷಯದಲ್ಲಿ ಮನುಷ್ಯನು ಆ ಕೋಲನ್ನು ಕೆಳಗಿಡುವುದು ಪ್ರಕೃತಿಯನ್ನು ನೋಡಿ ಕಲಿತುದರಿಂದಲ್ಲ, ತಾನು ಮನುಷ್ಯನಾದುದರಿಂದ.

ಇಲ್ಲಿಯೇ ಎರಡು ಪಕ್ಷಗಳಿಗೂ ಉತ್ತರವಿದೆ. ಹಣತೆಚಿಪ್ಪಿಗೆ ಆಯ್ಕೆಯಿಲ್ಲ, ಆದಕಾರಣ ಅದಕ್ಕೆ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಆಯ್ಕೆಯಿರುವುದು ವೇಗವಾಗಿ ಹೋಗಬಲ್ಲ, ವೇಗವನ್ನು ತಗ್ಗಿಸಲೂ ಬಲ್ಲ ಪ್ರಾಣಿಗೆ. ಇಕ್ಕಟ್ಟಾದ ದಾರಿಯಲ್ಲಿ ಗಾಡಿಯೂ ಮುದುಕನೂ ಎದುರಾದರೆ, ಮುದುಕನು ಓಡಬೇಕೆಂದು ಯಾರೂ ಹೇಳುವುದಿಲ್ಲ; ಎತ್ತಿನ ಹಗ್ಗ ಹಿಡಿದವನು ಬಿಗಿಹಿಡಿಯಬೇಕೆಂದು ಹೇಳುತ್ತಾರೆ. ಶಕ್ತಿಯಿದ್ದ ಕಡೆ ಹೊಣೆ.

ಮನುಷ್ಯನು ಹಗ್ಗವನ್ನು ಬಿಗಿಹಿಡಿಯಬಲ್ಲನೆಂಬುದಕ್ಕೆ ಆ ಪ್ರದೇಶದಲ್ಲಿಯೇ ನಿದರ್ಶನವಿದೆ. ೧೯೫೯ರ ಒಪ್ಪಂದದಲ್ಲಿ ರಾಷ್ಟ್ರಗಳು ದಕ್ಷಿಣ ಧ್ರುವಖಂಡವನ್ನು ಯುದ್ಧಕ್ಕೂ ಅಣ್ವಸ್ತ್ರಗಳ ಪರೀಕ್ಷೆಗೂ ಬಳಸುವುದಿಲ್ಲವೆಂದು ಮಾತು ಕೊಟ್ಟವು. ೧೯೮೦ರಲ್ಲಿ ಅಲ್ಲಿಯ ಕಡಲಿನ ಜೀವಿಗಳ ರಕ್ಷಣೆಗಾಗಿ ಬೇರೊಂದು ಕಟ್ಟಳೆಯಾಯಿತು. ೧೯೮೩ರಲ್ಲಿ ಭಾರತವೂ ಮೊದಲಿನ ಒಪ್ಪಂದವನ್ನು ಸೇರಿತು. ೧೯೯೧ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಸಹಿಯಾದ ಕರಾರು ಅಲ್ಲಿ ಗಣಿ ತೋಡುವುದನ್ನು ನಿಷೇಧಿಸಿತು. ಇವುಗಳಲ್ಲಿ ಕುಂದುಗಳಿರಬಹುದು, ಕಡಲನ್ನು ಕಾಯಿಸುವ ಹೊಗೆಗೆ ಈ ಕಾಗದಗಳು ಅಡ್ಡಬಾರವು. ಆದರೂ, ಬೆಳೆಯಬಹುದಾದಲ್ಲೆಲ್ಲ ಬೆಳೆಯಲೇಬೇಕೆಂಬ ನಿಯಮವು ಮನುಷ್ಯನಿಗೆ ಪ್ರಕೃತಿಯಿಂದ ವಿಧಿಸಲ್ಪಟ್ಟದ್ದಲ್ಲವೆಂದು ಆತನೇ ಬರೆದು ಒಪ್ಪಿಕೊಂಡಂತಾಯಿತು.

ಈ ಚಳಿಗಾಲದಲ್ಲಿಯೂ ಸಿಗ್ನಿ ದ್ವೀಪದ ನೀರಿನಲ್ಲಿ, ಕತ್ತಲೆಯ ಗೋಡೆಯ ಮೇಲೆ, ಹಣತೆಚಿಪ್ಪಿನ ಅಂಚಿಗೆ ಕೂದಲೆಳೆಯಷ್ಟು ಸುಣ್ಣವು ಸೇರುತ್ತದೆ. ಅದನ್ನು ಹಿರಿದೆನ್ನಬೇಕಾಗಿಲ್ಲ, ಕಿರಿದೆನ್ನಬೇಕಾಗಿಲ್ಲ. ಅದು ಸೇರುವುದಕ್ಕೆ ಬೇಕಾದಷ್ಟು ಕಾಲವನ್ನು ಅದಕ್ಕೆ ಬಿಟ್ಟುಕೊಡುವುದು ಸಾಧ್ಯವೆ ಎಂಬುದು, ಚಿಪ್ಪಿನ ಬೆಳವಣಿಗೆಗಿಂತ ಹೆಚ್ಚಾಗಿ ಮನುಷ್ಯನ ಬೆಳವಣಿಗೆಯ ಪ್ರಶ್ನೆ.